ಮ್ಯಾನೇಜರ್ ಬಡ್ತಿಯಲ್ಲಿ ಹೆಣ್ಣು-ಗಂಡು ಭೇದ ಇದೆಯೇ? ತಾಳೆ ನೋಡುವ ಕ್ರಮ

ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಲ್ಲಿ) ಪ್ಲಾಂಟ್ ಹೆಡ್ ಕುರ್ಚಿಗೆ ದಾರಿ ಇರುವುದು ಮೆಲ್ಟಿಂಗ್, ಮೋಲ್ಡಿಂಗ್, ಮಷಿನ್ ಶಾಪ್ ಮೂಲಕ. ಮಹಿಳಾ ಮ್ಯಾನೇಜರುಗಳು ಹೆಚ್ಚಾಗಿ ಕಾಣುವುದು ಕ್ವಾಲಿಟಿ, ಅಕೌಂಟ್ಸ್, ಎಚ್‌ಆರ್‌ನಲ್ಲಿ. ಸಂದರ್ಶನದ ದಿನ ನ್ಯಾಯ ಹುಡುಕಿದರೆ ತಡವಾಗಿರುತ್ತದೆ; ಹಿಂದಿನ ಮೂರು ವರ್ಷ ಯಾರಿಗೆ ಯಾವ ಕೆಲಸ ಕೊಟ್ಟಿರಿ ಎಂದು ನೋಡಿ.

ಒಂದು ಎಕ್ಸೆಲ್ ಹಾಳೆ ಸಾಕು. ಒಂದೇ ದರ್ಜೆಯ ಎಲ್ಲರ ಹೆಸರು, ಐದು ಕಾಲಂ: ಉತ್ಪಾದನೆಯ ಹೊಣೆ ಹೊತ್ತ ತಿಂಗಳು, ಸಹಿ ಹಾಕಬಹುದಾದ ಮೊತ್ತ, ಪುಣೆ-ಬೆಂಗಳೂರಿನ ಗ್ರಾಹಕರ ಭೇಟಿ, ಕಂಪನಿ ಖರ್ಚಿನ ತರಬೇತಿ, ಮೇಲಿನವರು ರಜೆಯಲ್ಲಿದ್ದಾಗ ಚಾರ್ಜ್ ತಗೊಂಡ ಸಲ. ಮಹಿಳೆಯರು ಮೂರೋ ನಾಲ್ಕೋ ಮಂದಿಯಿದ್ದರೆ ಶೇಕಡಾವಾರು ಬಿಡಿ, ಒಬ್ಬರು ಕೆಲಸ ಬಿಟ್ಟರೂ ಲೆಕ್ಕ ತಲೆಕೆಳಗು. ಒಂದೇ ವರ್ಷ ಸೇರಿದ ಇಬ್ಬರ ಸಾಲನ್ನು ಅಕ್ಕಪಕ್ಕ ಇಟ್ಟು ಓದಿ. ತರಬೇತಿ ಸಮ ಇದ್ದರೆ ಅಷ್ಟಕ್ಕೇ ಸಮಾಧಾನ ಬೇಡ. ನಿಜ ಹೇಳುವುದು ಸಹಿ ಮತ್ತು ಚಾರ್ಜ್ ಕಾಲಂ.

ಅವು ಖಾಲಿ ಬಿದ್ದಿರುವುದಕ್ಕೆ ಕಾರಣ ಬಹುತೇಕ ಈ ಮಾತು: "ಸಣ್ಣ ಕೂಸು ಐತಿ, ಆಕಿಗ್ಯಾಕ ತ್ರಾಸ?" ಕಾಳಜಿಯದೇ ಮಾತು, ಆದರೆ ಆಕೆಯನ್ನು ಯಾರೂ ಕೇಳಿರುವುದಿಲ್ಲ. ಹೊಸ ಹೊಣೆ ಬಂದಾಗ ಅರ್ಹರೆಲ್ಲರಿಗೂ ಒಂದೇ ಇ-ಮೇಲ್ ಕಳಿಸಿ, ಏಳು ದಿನದೊಳಗೆ ಬರಹದಲ್ಲೇ ಉತ್ತರ ಪಡೆಯಿರಿ. ಈ ಸಲ ಒಲ್ಲೆ ಅಂದವರನ್ನು ಮುಂದಿನ ಸಲವೂ ಕೇಳಿ. ರಾತ್ರಿ ಪಾಳಿಗೂ ಹಾಗೇ: ಕರ್ನಾಟಕ 2019ರಲ್ಲಿ ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ಷರತ್ತಿನ ಮೇಲೆ ಅನುಮತಿ ಕೊಟ್ಟಿದೆ. ಲಿಖಿತ ಒಪ್ಪಿಗೆ, ವಾಹನ ವ್ಯವಸ್ಥೆ ಎರಡೂ ಬೇಕು.

ಅಪ್ರೈಸಲ್, ಅಂದರೆ ವರ್ಷದ ಕೆಲಸಕ್ಕೆ ಅಂಕ ಕೊಡುವ ಕ್ರಮ, ಎಡವುವುದು ಹೆರಿಗೆ ರಜೆಯಲ್ಲಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ. ಗುರಿ ಮಾತ್ರ 52 ವಾರದ್ದೇ ಉಳಿದರೆ, 1,200 ಟನ್ನಿನಲ್ಲಿ 600 ಮುಗಿಸಿದಾಕೆ ಹಾಳೆಯ ಮೇಲೆ ಫೇಲು. ಗುರಿಯನ್ನೇ 600ಕ್ಕೆ ಇಳಿಸಿ ಅಂಕ ಕೊಡಿ. ವಾಪಸ್ ಬಂದ ಮೇಲೆ ಹಳೆಯ ಉತ್ಪಾದನಾ ಲೈನೇ ಕೊಡಿ. "ಸದ್ಯಕ್ಕ ರಿಪೋರ್ಟ್ ನೋಡ್ಕೋರಿ" ಅಂದರೆ ಆ ಸದ್ಯ ವರ್ಷಗಟ್ಟಲೆ ಎಳೆಯುತ್ತದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಕೂಸಿನ ಮನೆ ಕಡ್ಡಾಯ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು.

ಹಾಳೆಯನ್ನು ಎಚ್‌ಆರ್ ಬದಲು ಪ್ಲಾಂಟ್ ಹೆಡ್ ಕೈಯಲ್ಲಿಡಿ. ಚಾರ್ಜ್ ಕೊಡುವ ಮಾತು ಹೆಚ್ಚಾಗಿ ಫೋನಿನಲ್ಲೇ ಮುಗಿಯುತ್ತದೆ. ಅಂದೇ ಬರೆಯದಿದ್ದರೆ ಏಪ್ರಿಲ್‌ನಲ್ಲಿ ಅಪ್ರೈಸಲ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.