ಬಚ್ಚಲ ನೀರನ್ನು ಕೂಡಿಡೋದು ಬಿಟ್ಟ ಮೇಲೆ

ಮೂರನೇ ದಿನ ಡ್ರಮ್ಮಿನ ಮುಚ್ಚಳ ತೆಗೆದವನು ಮರುಕ್ಷಣವೇ ಮುಚ್ಚಿದೆ. ಕೊಳೆತ ಮೊಟ್ಟೆಯ ವಾಸನೆ. ಎರಡು ದಿನದ ಹಿಂದೆ ಅದೇ ನೀರಿಗೆ ಸೋಪಿನ ಘಮ ಇತ್ತು.

ಮಳೆ ನೀರು ಹಿಡಿದಿಡುವ ಹಾಗೆ ಬಚ್ಚಲ ನೀರನ್ನೂ ಹಿಡಿದಿಡಬಹುದು ಅಂದುಕೊಂಡಿದ್ದೆ. 200 ಲೀಟರಿನ ಡ್ರಮ್ಮು ಇಟ್ಟು, ಬೇಕಾದಾಗ ಗಿಡಕ್ಕೆ ಬಿಡುವ ಯೋಚನೆ. ಆದರೆ ಸ್ನಾನದ ನೀರಿನಲ್ಲಿ ಮೈಕೊಳೆ, ಎಣ್ಣೆ, ಕೂದಲು, ಸೋಪು ಎಲ್ಲಾ ಇರುತ್ತೆ. ಬ್ಯಾಕ್ಟೀರಿಯಾಗಳಿಗೆ ಅದು ಊಟ. ಅವು ತಿಂದು ಹೆಚ್ಚುತ್ತಾ ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲಾ ಮುಗಿಸುತ್ತವೆ. ಆಮೇಲೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳ ರಾಜ್ಯ, ವಾಸನೆ ಅವುಗಳದ್ದು. ಇಂಥ ನೀರನ್ನು 24 ಗಂಟೆಗಿಂತ ಜಾಸ್ತಿ ಇಡಬಾರದು ಅನ್ನೋದು ಇದಕ್ಕೇ. ಹಿಡಿದಿಡೋದು ಬೇಡ, ಬಂದ ಹಾಗೆ ಮಣ್ಣಿಗೆ ಬಿಟ್ಟುಬಿಡೋಣ ಅಂತ ತೀರ್ಮಾನಿಸಿದೆ. ಡ್ರಮ್ಮಿನಲ್ಲಿ ಈಗ ತರಗೆಲೆ ತುಂಬಿಡುತ್ತೇನೆ.

ಬಚ್ಚಲಿನಿಂದ ಹೊರಬರುವ ಪೈಪಿಗೆ ಒಂದು ಮೂರು ದಾರಿಯ ವಾಲ್ವ್ ಹಾಕಿಸಿದೆ. ಒಂದು ಕಡೆ ತಿರುಗಿಸಿದರೆ ತೋಟಕ್ಕೆ, ಇನ್ನೊಂದು ಕಡೆ ತಿರುಗಿಸಿದರೆ ಮೊದಲಿನ ಹಾಗೆ ಚರಂಡಿಗೆ. ಪಂಪು ಇಲ್ಲ, ಫಿಲ್ಟರೂ ಇಲ್ಲ, ಇಳಿಜಾರೇ ಎಲ್ಲಾ ಕೆಲಸ ಮಾಡುತ್ತೆ. ಮೀಟರಿಗೆ ಎರಡು ಸೆಂಟಿಮೀಟರಿನಷ್ಟು ಇಳಿಜಾರು ಬೇಕು. ಕಣ್ಣಳತೆಯಲ್ಲಿ ಹಾಕಿದ ಮೊದಲ ಪೈಪು ನಡುವೆ ಹೊಟ್ಟೆ ಬಿಟ್ಟುಕೊಂಡು, ಅಲ್ಲಿ ಕೂದಲೂ ಸೋಪಿನ ಜಿಡ್ಡೂ ಸೇರಿ ಕಟ್ಟಿಕೊಂಡಿತು. ಎರಡನೇ ಸಲ ಸಣ್ಣ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗಾರೆಯವರ ಹಾಗೆ ಮಟ್ಟ ನೋಡಿಕೊಂಡೇ ಹಾಕಿದೆ.

ಪೈಪಿನ ತುದಿಯಲ್ಲಿ ಮರದ ಸುತ್ತ ಪಾತಿ ಇದೆ. ಕಾಂಡಕ್ಕೆ ನೀರು ತಾಗದಷ್ಟು ದೂರದಲ್ಲಿ, ಸುಮಾರು ಒಂದಡಿ ಆಳಕ್ಕೆ ಅಗೆದು, ಮರದ ಚೂರು, ತರಗೆಲೆ ತುಂಬಿದ್ದೇನೆ. ನೀರು ಅದರ ಕೆಳಗೆ ಬೀಳುತ್ತೆ, ಮೇಲೆ ಕಾಣೋದೇ ಇಲ್ಲ. ಸೊಳ್ಳೆಗೂ ಜಾಗ ಇಲ್ಲ. ಅಗೆದ ದಿನವೇ ಗುಂಡಿಗೆ ನೀರು ತುಂಬಿ ಎಷ್ಟು ಹೊತ್ತಿನಲ್ಲಿ ಇಂಗುತ್ತೆ ಅಂತ ನೋಡಿ. ಗಂಟೆಗಟ್ಟಲೆ ನಿಂತೇ ಇದ್ದರೆ ಪಾತಿ ದೊಡ್ಡದಾಗಬೇಕು, ಇಲ್ಲಾ ನೀರನ್ನು ಎರಡು ಮೂರು ಮರಗಳಿಗೆ ಹಂಚಬೇಕು. ಎಲೆ, ಚೂರು ಕೊಳೆತು ಕುಸಿಯುತ್ತಾ ಹೋಗುತ್ತವೆ. ನಾನು ವರ್ಷಕ್ಕೊಮ್ಮೆ ಕೆದಕಿ ಹೊಸದು ತುಂಬುತ್ತೇನೆ. ಕೆಳಗಿನ ಪದರದಲ್ಲಿ ಎರೆಹುಳುಗಳು ಗಂಟುಗಂಟಾಗಿ ಸಿಗುತ್ತವೆ.

ಬಚ್ಚಲ ನೀರು ಇಷ್ಟಕ್ಕೇ ಸರಿಹೋಯಿತು. ನಿಜವಾಗಿ ಕಾಡಿದ್ದು ವಾಷಿಂಗ್ ಮೆಷಿನ್ ನೀರು.

ಬಟ್ಟೆಯ ನೂಲು ಹಿಡಿಯಲಿ ಅಂತ ಮೆಷಿನ್ನಿನ ಪೈಪಿನ ತುದಿಗೆ ಹಳೆಯ ನೈಲಾನ್ ಕಾಲುಚೀಲ ಕಟ್ಟಿದ್ದೆ. ಅದೇನೋ ಚೆನ್ನಾಗೇ ಹಿಡಿಯಿತು. ಒಂದು ವಾರ ತೆಗೆಯದೆ ಬಿಟ್ಟಿದ್ದಕ್ಕೆ ಬೂದುಬಣ್ಣದ ಬೆಣೆಯ ಹಾಗೆ ಗಟ್ಟಿಯಾಗಿತ್ತು, ನೀರು ಹಿಂದಕ್ಕೆ ತಳ್ಳುತ್ತಿತ್ತು. ಅದು ಸಣ್ಣ ತೊಂದರೆ ಬಿಡಿ. ಕೆಲವು ತಿಂಗಳಾದ ಮೇಲೆ ಮೆಷಿನ್ ನೀರು ಹೋಗುತ್ತಿದ್ದ ಸಾಲಿನ ಗಿಡಗಳ ಎಲೆಯಂಚು ಸುಟ್ಟ ಹಾಗೆ ಕಂದಾಯಿತು. ಮಣ್ಣಿನ ಮೇಲೆ ಬಿಳಿ ಪೊರೆ. ಮೊದಲು ಸರಸರ ಇಂಗುತ್ತಿದ್ದ ನೀರು ನಿಲ್ಲತೊಡಗಿತು. ನೀರು ಸಾಲದೇ ಹೀಗಾಗಿದೆ ಅಂತ ಇನ್ನಷ್ಟು ಬಿಟ್ಟೆ! ಇದಕ್ಕಿಂತ ದಡ್ಡತನ ಬೇಕಾ?

ಆಮೇಲೆ ಒಂದು ಪರೀಕ್ಷೆ ಮಾಡಿದೆ. ಗಾಜಿನ ಲೋಟದಲ್ಲಿ ಮಳೆ ನೀರು ಹಾಕಿ, ಆ ಮಣ್ಣಿನ ಒಣಗಿದ ಸಣ್ಣ ಹೆಂಟೆಯೊಂದನ್ನು ಮೆಲ್ಲಗೆ ಇಳಿಬಿಟ್ಟು, ಅಲುಗಾಡಿಸದೆ ಇಟ್ಟೆ. ಪಕ್ಕದ ಇನ್ನೊಂದು ಲೋಟದಲ್ಲಿ ಸೋಪು ಕಾಣದ ಮೂಲೆಯ ಮಣ್ಣು. ಎರಡನೆಯದು ಕುಸಿದು ಸುಮ್ನೆ ತಳದಲ್ಲಿ ಕೂತಿತು, ನೀರು ತಿಳಿಯಾಗೇ ಇತ್ತು. ಮೊದಲನೆಯದರ ಸುತ್ತ ಮಾತ್ರ ಹಾಲು ಬಿದ್ದಂತೆ ಮಬ್ಬು ಹರಡಿತು, ಮರುದಿನವೂ ತಿಳಿಯಾಗಲಿಲ್ಲ. ಸೋಡಿಯಂ ಜಾಸ್ತಿಯಾದ ಜೇಡಿಮಣ್ಣು ಹೀಗೆ ನೀರಿನಲ್ಲಿ ಚದುರಿಹೋಗುತ್ತೆ. ಚದುರಿದ ಕಣಗಳು ಮಣ್ಣಿನ ಸಂದುಗಳನ್ನು ಮುಚ್ಚುತ್ತವೆ, ನೀರು ಇಂಗುವುದಿಲ್ಲ.

ಬಟ್ಟೆ ಒಗೆಯುವ ಪುಡಿಯ ಡಬ್ಬಿ ತಿರುಗಿಸಿ ಓದಿದರೆ ಸೋಡಿಯಂ ಕಾರ್ಬೊನೇಟ್, ಸೋಡಿಯಂ ಸಲ್ಫೇಟ್. ಪುಡಿ ಬಿಟ್ಟು ಸೋಡಿಯಂ ಕಡಿಮೆ ಇರುವ ದ್ರವ ಸೋಪಿಗೆ ಬಂದೆ. ಬೋರಾಕ್ಸ್ ಇರುವುದನ್ನಂತೂ ತೋಟದ ಹತ್ತಿರ ತರಬೇಡಿ. ಅದರಲ್ಲಿರುವ ಬೋರಾನ್ ಗಿಡಕ್ಕೆ ಎಳ್ಳಷ್ಟು ಬೇಕು, ಮಿತಿ ಮೀರಿದರೆ ವಿಷ. ಕೆಟ್ಟ ಮಣ್ಣಿಗೆ ಜಿಪ್ಸಂ ಬೆರೆಸಿ ಚೆನ್ನಾಗಿ ಬರಿ ನೀರು ಬಿಟ್ಟೆ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತೆ, ಬಿಡುಗಡೆಯಾದ ಸೋಡಿಯಂ ನೀರಿನ ಜೊತೆ ಕೆಳಗಿಳಿಯುತ್ತೆ. ಒಂದು ಒಳ್ಳೆ ಮಳೆಗಾಲ ಕಳೆದ ಮೇಲೇ ಮಣ್ಣು ಮತ್ತೆ ಪುಡಿಯಾಗಿದ್ದು. ಜರೀಗಿಡಗಳು ಮಾತ್ರ ಉಳಿಯಲಿಲ್ಲ. ಹುಳಿ ಮಣ್ಣು ಬೇಡುವ ಗಿಡಗಳಿಗೆ ಸೋಪಿನ ನೀರು ಒಗ್ಗೋದಿಲ್ಲ. ಬಾಳೆ, ಕಾಬಾಳೆ ಬಚ್ಚಲ ನೀರನ್ನು ಸಲೀಸಾಗಿ ಕುಡಿಯುತ್ತವೆ.

ಅಡುಗೆಮನೆ ಸಿಂಕಿನ ನೀರನ್ನು ಇದಕ್ಕೆ ಸೇರಿಸಿಲ್ಲ, ಜಿಡ್ಡಿನ ಕಾಟ. ಸೊಪ್ಪು, ಮೂಲಂಗಿ, ಕ್ಯಾರೆಟ್ ಮಡಿಗಳಿಗೂ ಈ ನೀರು ಹೋಗೋದಿಲ್ಲ. ಎಲೆಗಳ ಮೇಲೆ ಚಿಮುಕಿಸುವುದಂತೂ ಬೇಡವೇ ಬೇಡ, ಬುಡದಲ್ಲೇ ಇಂಗಲಿ. ವಾಲ್ವಿನ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ: 'ಬ್ಲೀಚ್ ಹಾಕಿದ ದಿನ, ಮಗುವಿನ ಹೇಲುಬಟ್ಟೆ ಒಗೆದ ದಿನ, ಯಾರಿಗಾದರೂ ಭೇದಿಯಾದ ದಿನ, ಜೋರು ಮಳೆಯ ದಿನ ಚರಂಡಿಗೆ.' ಅಂಥ ದಿನ ಬಾರದಿದ್ದರೂ ವಾಲ್ವನ್ನು ತಿಂಗಳಿಗೊಮ್ಮೆ ಅತ್ತಿತ್ತ ತಿರುಗಿಸುತ್ತೇನೆ. ಒಮ್ಮೆ ಬಿಗಿದುಕೊಂಡರೆ ಹಿಡಿ ಮುರಿದು ಕೈಗೆ ಬರುತ್ತೆ. ನನಗೆ ಬಂದಿದೆ.