ಕೈ ಆಮೇಲೆ, ಮೊದಲು ಕಾಲು: ಮನೆಯಲ್ಲೇ ತಾಯ್ ಚಿ ಶುರು ಮಾಡುವುದು ಹೇಗೆ?

ನಿಧಾನ ಚಲನೆಗಳ ಚೀನೀ ವಿದ್ಯೆ ತಾಯ್ ಚಿ ಕಲಿಯಬೇಕು ಅಂದುಕೊಂಡವರು ಮೊದಲು ಮಾಡುವ ಕೆಲಸ ಯೂಟ್ಯೂಬ್ ತೆರೆಯುವುದು. ಅಲ್ಲಿ ರೇಷ್ಮೆ ಅಂಗಿ ತೊಟ್ಟವರ ಕೈಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ನೋಡಿದವರು ಆ ಕೈಗಳನ್ನೇ ಅನುಕರಿಸುತ್ತಾರೆ. ಸ್ವಲ್ಪ ದಿನಕ್ಕೆ ಭುಜ ಬಿಗಿಯುತ್ತದೆ, ಮೊಣಕಾಲು ನೋಯುತ್ತದೆ, ಬೇಸರ ಬಂದು ಬಿಟ್ಟುಬಿಡುತ್ತಾರೆ. ತಾಯ್ ಚಿಯ ನಿಜವಾದ ಕೆಲಸ ನಡೆಯುವುದು ಕಾಲು ಮತ್ತು ಸೊಂಟದಲ್ಲಿ. ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವುದು ಗೊತ್ತಾದರೆ ಕೈಗಳು ತಾವಾಗಿಯೇ ಜೊತೆಗೆ ಬರುತ್ತವೆ. ಹಾಗಾಗಿ ಕಾಲಿನಿಂದಲೇ ಶುರು ಮಾಡೋಣ.

ಯಾವ ಶೈಲಿ ಕಲಿಯಬೇಕು?

ಚೀನಾದ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿ ತಾಯ್ ಚಿಯ ತವರು. ಅಲ್ಲಿನ ಚೆನ್ ಮನೆತನದವರು 17ನೇ ಶತಮಾನದಿಂದ ಕಾಪಾಡಿಕೊಂಡು ಬಂದ ಕಾದಾಟದ ವಿದ್ಯೆ ಇದು. ಯಾಂಗ್ ಲುಚಾನ್ (1799–1872) ಆ ಹಳ್ಳಿಯಲ್ಲಿ ಕಲಿತು ಬೀಜಿಂಗ್‌ನಲ್ಲಿ ಕಲಿಸಿದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ನಿಧಾನವಾದ, ಅಗಲವಾದ ಚಲನೆಗಳನ್ನು ಜನರ ನಡುವೆ ಹರಡಿದರು. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ ಯಾಂಗ್ ಶೈಲಿಯಿಂದಲೇ 24 ಚಲನೆಗಳ ಒಂದು ಚಿಕ್ಕ ಸರಣಿ ಸಿದ್ಧಪಡಿಸಿತು. ಪೂರ್ತಿ ಮಾಡಲು ಐದಾರು ನಿಮಿಷ ಸಾಕು. ಸಾಮಾನ್ಯ ಜನರಿಗಾಗಿಯೇ ಮಾಡಿದ್ದು ಇದು. ಹೊಸಬರು ಇದನ್ನೇ ಹಿಡಿಯಲಿ ಅಂತ ನನ್ನ ಸಲಹೆ.

ತಾವೋ ಎಂಬ ಹಳೆಯ ಚೀನೀ ಚಿಂತನೆಯ ದಾರಿ ಹಿಡಿದ, ವುಡಾಂಗ್ ಬೆಟ್ಟದ ಸನ್ಯಾಸಿ ಜಾಂಗ್ ಸನ್‌ಫೆಂಗ್ ಇದನ್ನು ಹುಟ್ಟುಹಾಕಿದ ಎನ್ನುವ ಕಥೆಯೂ ಇದೆ. ಕಥೆ ಚೆನ್ನಾಗಿದೆ, ಆದರೆ ಅದಕ್ಕೆ ಆಧಾರ ಸಿಗುವುದಿಲ್ಲ. ಕಲಿಸುವವರು ಅದನ್ನು ಚರಿತ್ರೆ ಎಂದು ಹೇಳದಿರುವುದು ಒಳ್ಳೆಯದು.

ಹೆಜ್ಜೆ 1: ನಿಲ್ಲುವುದು

ಚಪ್ಪಟೆ ಅಟ್ಟೆಯ ಶೂ ಹಾಕಿ, ಇಲ್ಲವೇ ಬರಿಗಾಲಲ್ಲಿ ನಿಲ್ಲಿ. ಪಾದಗಳ ನಡುವೆ ಭುಜದಷ್ಟು ಅಂತರ ಇರಲಿ, ಬೆರಳುಗಳು ನೇರ ಮುಂದಕ್ಕೆ ನೋಡಲಿ. ಮೊಣಕಾಲನ್ನು ಸ್ವಲ್ಪವೇ ಸಡಿಲಿಸಿ, ಬಾಗಿಸುವುದು ಬೇಡ. ನೆತ್ತಿ ಮೇಲಕ್ಕೆ, ಗಲ್ಲ ತುಸು ಒಳಕ್ಕೆ. ಭುಜ ಇಳಿಬಿಡಿ. ಕಂಕುಳಲ್ಲಿ ಸ್ವಲ್ಪ ಜಾಗ ಇರಲಿ. ಉಸಿರು ಮೂಗಿನಿಂದ ಬಂದು ಹೋಗಲಿ, ಅದನ್ನು ಎಳೆಯಬೇಡಿ.

ಮೊದಮೊದಲು ಎರಡು ನಿಮಿಷ ಸಾಕು. ಸುಮ್ನೆ ನಿಂತರೆ ಏನು ಬಂತು ಅನ್ನಿಸುತ್ತೆ, ಅಲ್ವಾ? ಪಾದದ ಅಡಿಯನ್ನು ಗಮನಿಸಿ. ಭಾರ ಹಿಮ್ಮಡಿಯ ಮೇಲಿದೆಯೋ ಬೆರಳುಗಳ ಮೇಲಿದೆಯೋ? ಎಡ ಜಾಸ್ತಿಯೋ ಬಲ ಜಾಸ್ತಿಯೋ? ಹೆಚ್ಚಿನವರಿಗೆ ತಾವು ದಿನವಿಡೀ ಒಂದೇ ಕಾಲಿನ ಮೇಲೆ ವಾಲಿ ನಿಲ್ಲುತ್ತೇವೆ ಅನ್ನುವುದು ಇಲ್ಲಿ ಮೊದಲ ಸಲ ಗೊತ್ತಾಗುತ್ತದೆ.

ಹೆಜ್ಜೆ 2: ಭಾರ ದಾಟಿಸುವುದು

ಇಡೀ ವಿದ್ಯೆಯ ಜೀವ ಇಲ್ಲಿದೆ. ಹಾಗೇ ನಿಂತು, ಸೊಂಟವನ್ನು ನಿಧಾನವಾಗಿ ಬಲಕ್ಕೆ ಸರಿಸಿ. ತಲೆ ವಾಲಬಾರದು. ಮೈಭಾರ ಪೂರ್ತಿ ಬಲಗಾಲಿಗೆ ಬಂತು ಅನ್ನಿಸಿದಾಗ ಎಡಪಾದವನ್ನು ಎತ್ತಿ ನೋಡಿ. ಮೈ ಕದಲದೆ ಪಾದ ಎದ್ದರೆ ಎಡಗಾಲು ನಿಜಕ್ಕೂ ಖಾಲಿಯಾಗಿದೆ. ಮೈ ಜರ್ಕ್ ಹೊಡೆದರೆ ಭಾರ ಇನ್ನೂ ಅಲ್ಲೇ ಇದೆ. ಆಮೇಲೆ ಎಡಕ್ಕೆ ದಾಟಿ.

ತುಂಬಿದ ಕಾಲು, ಖಾಲಿ ಕಾಲು. ಒಂದಕ್ಕೊಂದು ವಿರುದ್ಧವಾಗಿದ್ದೂ ಜೊತೆಯಾಗಿರುವ ಎರಡು ಗುಣಗಳನ್ನು ಚೀನೀಯರು ಯಿನ್ ಮತ್ತು ಯಾಂಗ್ ಅನ್ನುತ್ತಾರೆ. ತಾಯ್ ಚಿಯಲ್ಲಿ ಅವು ಮೈಗೆ ಅರ್ಥವಾಗುವುದು ಹೀಗೆ. ಒಂದು ತುಂಬುತ್ತಾ ಇದ್ದಂತೆ ಇನ್ನೊಂದು ಬರಿದಾಗುತ್ತದೆ. ಇವುಗಳ ಗುರುತಾದ ಕಪ್ಪು ಬಿಳುಪಿನ ಚಕ್ರವನ್ನು ನೋಡಿ ಗಂಟೆಗಟ್ಟಲೆ ಚರ್ಚೆ ಮಾಡುವುದಕ್ಕಿಂತ ಐದು ನಿಮಿಷ ಹೀಗೆ ಭಾರ ದಾಟಿಸುವುದು ಹೆಚ್ಚು ಕಲಿಸುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹೆಜ್ಜೆ 3: ನಡೆಯುವುದು

ಭಾರವನ್ನೆಲ್ಲ ಎಡಗಾಲಿಗೆ ಕೊಡಿ. ಬಲಪಾದವನ್ನು ಮುಂದೆ ಚಾಚಿ, ಹಿಮ್ಮಡಿಯನ್ನು ಮಾತ್ರ ನೆಲಕ್ಕೆ ತಾಗಿಸಿ. ಅದರ ಮೇಲೆ ಇನ್ನೂ ಭಾರ ಹಾಕಬೇಡಿ, ಬೇಕಾದರೆ ವಾಪಸ್ ಎಳೆದುಕೊಳ್ಳುವಂತಿರಲಿ. ಈಗ ಪಾದವನ್ನು ಪೂರ್ತಿ ಊರಿ, ಭಾರವನ್ನು ಮುಂದಕ್ಕೆ ಬಿಡಿ. ನೂರರಲ್ಲಿ ಸುಮಾರು 70 ಭಾಗ ಮುಂದಿನ ಕಾಲಿಗೆ ಬರಲಿ. ಮುಂದಿನ ಮೊಣಕಾಲು ಬೆರಳಿನ ತುದಿ ದಾಟಬಾರದು. ಎಡಪಾದ ಮತ್ತು ಬಲಪಾದದ ನಡುವೆ ಪಕ್ಕಕ್ಕೆ ಸ್ವಲ್ಪ ಅಂತರ ಇರಲಿ, ಒಂದೇ ಗೆರೆಯ ಮೇಲೆ ನಿಂತರೆ ತೂರಾಡುತ್ತೀರಿ.

ಮುಂದಿನ ಹೆಜ್ಜೆಗೆ: ಸ್ವಲ್ಪ ಹಿಂದಕ್ಕೆ ಕೂತಂತೆ ಭಾರ ಎಳೆದುಕೊಳ್ಳಿ. ಮುಂದಿನ ಪಾದದ ಬೆರಳನ್ನು ಹೊರಕ್ಕೆ ತಿರುಗಿಸಿ. ಮತ್ತೆ ಅದರ ಮೇಲೆ ಭಾರ ತುಂಬಿ, ಹಿಂದಿನ ಕಾಲನ್ನು ತಂದು ಮುಂದಿಡಿ. ಹಜಾರದ ಉದ್ದಕ್ಕೆ ಹೋಗಿ ಬನ್ನಿ. ಇಲ್ಲಿ ಆತುರ ಬೇಡ. ಮೊಣಕಾಲು ಯಾವಾಗಲೂ ಪಾದದ ಬೆರಳು ನೋಡುವ ದಿಕ್ಕಿಗೇ ಬಾಗಬೇಕು. ಒಳಕ್ಕೆ ತಿರುಚಿದರೆ ನೋವು ಖಂಡಿತ. ಹಳೆಯ ಮಂಡಿನೋವು ಇರುವವರು ಎತ್ತರವಾಗಿಯೇ ನಿಂತು ಮಾಡಿ, ವೈದ್ಯರನ್ನು ಒಮ್ಮೆ ಕೇಳಿ.

ಹೆಜ್ಜೆ 4: ಈಗ ಕೈ

24 ಚಲನೆಗಳ ಸರಣಿಯಲ್ಲಿ ಮೊದಲನೆಯದರ ಹೆಸರು ‘ಆರಂಭ’. ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ. ಮಣಿಕಟ್ಟು ಮೊದಲು ಏಳಲಿ, ಭುಜ ಏಳದಿರಲಿ. ಇಳಿಸುವಾಗ ಮೊಣಕಾಲು ಸ್ವಲ್ಪ ಬಾಗಲಿ. ಅಷ್ಟೇ.

ಇದಾದ ಮೇಲೆ ಹತ್ತನೆಯ ಚಲನೆಯಾದ ‘ಮೋಡದ ಕೈ’ಗೆ ಹಾರಿ ಅನ್ನುತ್ತೇನೆ. ಮೊದಲು ಪಾದ ಎತ್ತದೆ ಕಲಿಯಿರಿ. ಸೊಂಟ ಎಡಕ್ಕೆ ತಿರುಗಿದಾಗ ಒಂದು ಕೈ ಮುಖದ ಮುಂದೆ, ಇನ್ನೊಂದು ಹೊಟ್ಟೆಯ ಮುಂದೆ ಹಾದು ಹೋಗುತ್ತದೆ. ಬಲಕ್ಕೆ ತಿರುಗುವಾಗ ಅವು ಅದಲು ಬದಲಾಗುತ್ತವೆ. ಕೈಯನ್ನು ಒಯ್ಯುವುದು ಸೊಂಟ. ಇದು ಕೂತರೆ ಕಾಡುಕುದುರೆಯ ಜೂಲು, ಬಿಳಿ ಕೊಕ್ಕರೆ ಮುಂತಾದ ಉಳಿದ ಚಲನೆಗಳು ಅರ್ಧ ಬಂದಂತೆ. ಅವುಗಳನ್ನು ಗುರುವಿನ ಎದುರು ಕಲಿಯುವುದೇ ಸರಿ. ವಿಡಿಯೊ ನೆನಪಿಸಿಕೊಳ್ಳಲು ಮಾತ್ರ.

ತಾವೋ ದಿನದ ಕೆಲಸದೊಳಗೆ

ಯಿನ್ ಯಾಂಗ್‌ನಂತೆ ತಾವೋ ಚಿಂತನೆಯೂ ತಾಯ್ ಚಿಯ ಜೊತೆಗೆ ಬರುತ್ತದೆ. ಅದರ ಮೂಲ ಗ್ರಂಥ ‘ತಾವೋ ತೆ ಚಿಂಗ್’ ಪ್ರಾಚೀನ ಚೀನಾದ ಚಿಂತಕ ಲಾವೋತ್ಸುವಿನ ಹೆಸರಿನಲ್ಲಿದೆ. ಚಿಕ್ಕ ಚಿಕ್ಕ 81 ಅಧ್ಯಾಯ, ಚೀನೀ ಭಾಷೆಯಲ್ಲಿ ಸುಮಾರು 5,000 ಅಕ್ಷರ. 76ನೇ ಅಧ್ಯಾಯದ ಮಾತು ಇದು: ಹುಟ್ಟಿದಾಗ ಮನುಷ್ಯ ಮೆತ್ತಗಿರುತ್ತಾನೆ, ಸತ್ತಾಗ ಸೆಟೆದುಕೊಳ್ಳುತ್ತಾನೆ. ಗಿಡಮರಗಳೂ ಹಾಗೇ. ಬಿಗಿಯಾದದ್ದು ಸಾವಿನ ಕಡೆ, ಮೃದುವಾದದ್ದು ಬದುಕಿನ ಕಡೆ.

ವಾರಕ್ಕೆ ಒಂದು ಅಧ್ಯಾಯ ಓದಿ. ಅದನ್ನು ಮೈಯಲ್ಲಿ ಹುಡುಕಿ. ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿದಾಗ ಹ್ಯಾಂಡಲ್ ಹಿಡಿದ ಕೈ ಎಷ್ಟು ಬಿಗಿ ಇದೆ? ಗ್ಯಾಸ್ ಸಿಲಿಂಡರ್ ಸರಿಸುವಾಗ ಬಲ ತೋಳಿನಿಂದ ಬರುತ್ತಿದೆಯೋ ಕಾಲಿನಿಂದಲೋ? ಕುರ್ಚಿಯಿಂದ ಏಳುವಾಗ ಭಾರ ಪಾದಕ್ಕೆ ಬರುವ ಮುಂಚೆಯೇ ಎದ್ದುಬಿಡುತ್ತೀರಾ? ತಾವೋ ಚಿಂತಕರು ಹೇಳುವ ವೂ ವೇಯ್ ಅನ್ನು ಸೋಮಾರಿತನ ಅಂದುಕೊಳ್ಳುವವರು ಜಾಸ್ತಿ. ಕೆಲಸಕ್ಕೆ ಬೇಕಾದಷ್ಟೇ ಬಲ ಹಾಕಿ, ಉಳಿದದ್ದನ್ನು ಬಿಡುವುದು ಅದು. ಮೆಟ್ಟಿಲು ಹತ್ತುವಾಗ ಇದನ್ನು ಅಭ್ಯಾಸ ಮಾಡಬಹುದು. ಮೇಲಿನ ಪಾದಕ್ಕೆ ಭಾರ ಪೂರ್ತಿ ದಾಟಿದ ಮೇಲೆಯೇ ಕೆಳಗಿನ ಪಾದ ಎತ್ತಿ.

ಜೊತೆಗೊಬ್ಬರಿದ್ದರೆ ತಳ್ಳುವ ಕೈ ಆಟ ಆಡಿ. ಇಬ್ಬರೂ ಎದುರು ಬದುರು ನಿಂತು ಬಲಗಾಲು ಮುಂದಿಟ್ಟು ಬಲ ಮಣಿಕಟ್ಟುಗಳನ್ನು ತಾಗಿಸಿಕೊಳ್ಳಿ. ಒಬ್ಬರು ನಿಧಾನವಾಗಿ ಎದೆಯ ಕಡೆಗೆ ತಳ್ಳಲಿ. ಇನ್ನೊಬ್ಬರು ತಡೆಯದೆ, ತಾಗಿದ ಕೈ ಬಿಡದೆ, ಹಿಂದಿನ ಕಾಲಿಗೆ ಕೂತು ಸೊಂಟ ತಿರುಗಿಸಲಿ. ತಳ್ಳು ಪಕ್ಕಕ್ಕೆ ಹೋಗುತ್ತದೆ. ಆಮೇಲೆ ಸರದಿ ಬದಲಿಸಿ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಅದೇ ಇಲ್ಲಿನ ಪಾಠ. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೂ ಇದನ್ನು ಪ್ರಯತ್ನಿಸಿ. ಎದುರಿನವರ ಮಾತು ಮುಗಿಯುವವರೆಗೆ ಉತ್ತರ ಸಿದ್ಧ ಮಾಡಿಕೊಳ್ಳದೆ ಕೇಳುವುದು ತಳ್ಳುವ ಕೈಗಿಂತ ಕಷ್ಟ.

ಬೇರೆಯವರಿಗೆ ಕಲಿಸುವಾಗ

ಮೊದಲು ಒಬ್ಬ ಒಳ್ಳೆಯ ಗುರುವಿನ ಹತ್ತಿರ ನೀವು ಕಲಿತಿರಬೇಕು. ಆಮೇಲೆ ಅಪ್ಪ, ಅಮ್ಮ, ಪಕ್ಕದ ಮನೆಯವರಿಗೆ ಹೇಳಿಕೊಡಬಹುದು. ಅವರಿಗೆ ಬೆನ್ನು ಮಾಡಿ ನಿಂತು ತೋರಿಸಿ, ಎಡ ಬಲ ಗೊಂದಲ ಆಗುವುದಿಲ್ಲ. ಒಂದು ತರಗತಿಗೆ ಒಂದೇ ಹೊಸ ಚಲನೆ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಮೈ ಮುಟ್ಟಿ ಸರಿಪಡಿಸುವ ಮುಂಚೆ ಕೇಳಿ. ವಯಸ್ಸಾದವರ ಪಕ್ಕದಲ್ಲಿ ಗಟ್ಟಿ ಕುರ್ಚಿ ಇರಲಿ. ನಿಲ್ಲಲು ಆಗದವರು ಮೋಡದ ಕೈಯನ್ನು ಕೂತೇ ಮಾಡಬಹುದು.

ರೋಗ ವಾಸಿಯಾಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಗೊತ್ತಿರುವುದನ್ನಷ್ಟೇ ಹೇಳಿ. ಅಮೆರಿಕದಲ್ಲಿ 195 ಪಾರ್ಕಿನ್‌ಸನ್ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲದಂತೆ 24 ವಾರ ತಾಯ್ ಚಿ ಮಾಡಿದವರ ಸಮತೋಲನ ಉತ್ತಮವಾಯಿತು. ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಅವರು ಬಿದ್ದದ್ದೂ ಕಡಿಮೆ. ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ನಿಲ್ಲಿಸಬಾರದು ಎಂದು ಮೊದಲ ತರಗತಿಯಲ್ಲೇ ತಿಳಿಸಿ.

ತತ್ವವನ್ನು ಉಪನ್ಯಾಸ ಮಾಡಿ ಹೇಳಬೇಡಿ. ಯಾರಾದರೂ ಕೇಳಿದರೆ ಭಾರ ದಾಟಿಸುವುದನ್ನೇ ಇನ್ನೊಮ್ಮೆ ಮಾಡಿಸಿ, ಯಾವ ಕಾಲು ಖಾಲಿಯಾಗಿದೆ ಎಂದು ಅವರನ್ನೇ ಕೇಳಿ.