ಹಗ್ಗ ಎಳೆದಷ್ಟೂ ಅದಕ್ಕೆ ಕಾಣುವುದು ಕಡಿಮೆ

ಹೇಸರಗತ್ತೆ ಅಂದರೆ ಹಟಮಾರಿ ಅಂತಲೇ ನಾನೂ ನಂಬಿದ್ದೆ. ಹೊರೆ ಸಾಗಿಸುವ ಕೆಲಸಕ್ಕೆ ಇಳಿದ ಮೊದಲ ದಿನಗಳಲ್ಲಿ, ಹಲಗೆ ಸೇತುವೆಯೊಂದರ ಮುಂದೆ ನಮ್ಮ ಹೇಸರಗತ್ತೆ ದಿನಾ ನಿಂತುಬಿಡುತ್ತಿತ್ತು. ನಾನು ಹಗ್ಗ ಎಳೆಯುತ್ತಿದ್ದೆ. ಅದು ಕತ್ತು ಮೇಲೆತ್ತಿ ಹಿಂದಕ್ಕೆ ಜಗ್ಗುತ್ತಿತ್ತು. ಒಂದು ದಿನ ಕೈ ಸೋತು ಹಗ್ಗ ಸಡಿಲ ಬಿಟ್ಟೆ. ತಲೆ ತಗ್ಗಿಸಿತು, ಹಲಗೆ ಮೂಸಿತು, ಒಂದು ಗೊರಸು ಇಟ್ಟು ನೋಡಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ದಾಟಿತು.

ಹಲಗೆಯಲ್ಲಿ ಏನೂ ದೋಷವಿರಲಿಲ್ಲ. ತೊಂದರೆ ಇದ್ದದ್ದು ನನ್ನ ಕೈಯಲ್ಲಿ.

ಇವುಗಳ ಕಣ್ಣು ತಲೆಯ ಎರಡು ಬದಿಯಲ್ಲಿವೆ. ಹಾಗಾಗಿ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದೇ ಇರುವುದು ಬಾಲದ ನೇರ ಹಿಂದೆ, ಹಣೆಯ ಎದುರು ತೀರಾ ಹತ್ತಿರ, ಮತ್ತೆ ಮೂಗಿನ ಕೆಳಗೆ. ಎರಡೂ ಕಣ್ಣು ಸೇರಿಸಿ ಆಳ ಅಳೆಯುವುದು ಮುಂದಿನ ಒಂದು ತುಂಡು ಜಾಗದಲ್ಲಿ ಮಾತ್ರ. ಕಾಲ ಹತ್ತಿರದ ನೆಲವನ್ನು ಆ ಜಾಗಕ್ಕೆ ತರಬೇಕಾದರೆ ತಲೆ ತಗ್ಗಿಸಲೇಬೇಕು. ನಾನು ಹಗ್ಗ ಎಳೆದು ತಲೆ ಮೇಲೆತ್ತಿಸಿ, 'ಈಗ ಹೆಜ್ಜೆ ಇಡು' ಅನ್ನುತ್ತಿದ್ದೆ. ಯಾರು ಇಡುತ್ತಾರೆ ಹೇಳಿ?

ಜೊತೆಗಿದ್ದ ಕುದುರೆಯ ಸ್ವಭಾವ ಬೇರೆ. ಕಂಡದ್ದು ಏನೆಂದು ಗೊತ್ತಾಗದಿದ್ದರೆ ಅದು ಮೊದಲು ಓಡುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಹೇಸರಗತ್ತೆ ಅಪ್ಪನ ಕಡೆಯಿಂದ ಕತ್ತೆ ಅಲ್ವಾ, ಅದು ನಿಂತು ನೋಡುತ್ತದೆ. ಇದನ್ನೇ ನಾವು ಹಟ ಅನ್ನುತ್ತೇವೆ. ಓಡಿಹೋದ ಕುದುರೆಯ ಹಿಂದೆ ಚೀಲ ಹೆಕ್ಕುತ್ತಾ ನಡೆದವನಾಗಿ ಹೇಳುತ್ತೇನೆ, ನಿಲ್ಲುವುದೇ ವಾಸಿ. ಅವತ್ತು ಕುದುರೆ ಓಡಿದ್ದು ಹೊರೆಯ ಮೇಲಿನ ಟಾರ್ಪಾಲಿನ ಮೂಲೆ ಬಿಚ್ಚಿ ಪಟಪಟ ಅಂದಿದ್ದಕ್ಕೆ. ನಮಗೆ ಅದು ಬೆನ್ನ ಹಿಂದಿನ ಸದ್ದು ಅಷ್ಟೆ. ಕುದುರೆಗೆ ಅದು ಕಣ್ಣಂಚಿನಲ್ಲಿ ಅಟ್ಟಿಸಿಕೊಂಡು ಬರುವ ಪ್ರಾಣಿ. ಈಗ ಹೊರಡುವ ಮುಂಚೆ ಮೂಲೆಗಳನ್ನು ಎರಡು ಸಲ ಕಟ್ಟುತ್ತೇನೆ.

ಒದೆ ತಿಂದದ್ದೂ ಇದೆ. ಜೋರು ಗಾಳಿಯ ದಿನ, ಸದ್ದಿಲ್ಲದೆ ಹಿಂದಿನಿಂದ ಹೋಗಿ ಪಟ್ಟಿ ಬಿಗಿಯಲು ಕೈ ಹಾಕಿದೆ. ತೊಡೆ ಒಂದು ವಾರ ನೀಲಿ! ಗಾಳಿ ಇದ್ದಾಗ ಅವುಗಳಿಗೆ ಸದ್ದು ಎಲ್ಲಿಂದ ಬಂತೆಂದು ತಿಳಿಯುವುದು ಕಷ್ಟ, ವಾಸನೆಯೂ ದಿಕ್ಕು ತಪ್ಪುತ್ತದೆ. ಅವತ್ತೆಲ್ಲ ಸಣ್ಣದಕ್ಕೂ ಬೆಚ್ಚುತ್ತವೆ. ಈಗ ಹತ್ತಿರ ಹೋಗುವಾಗ ಏನಾದರೂ ಮಾತಾಡುತ್ತಲೇ ಹೋಗುತ್ತೇನೆ. ಭುಜದಿಂದ ಶುರು ಮಾಡಿ ಕೈ ಎತ್ತದೆ ಹಿಂದಕ್ಕೆ ಸವರುತ್ತೇನೆ. ಒಂದು ಕಿವಿ ನನ್ನ ಕಡೆ ತಿರುಗಿದರೆ ನಾನಿರುವುದು ಗೊತ್ತಾಗಿದೆ ಅಂತ ಲೆಕ್ಕ.

ಆ ಕಿವಿಗಳನ್ನು ನೋಡುತ್ತಾ ನಡೆಯುವುದು ಈಗ ಅಭ್ಯಾಸವಾಗಿಬಿಟ್ಟಿದೆ. ಎರಡೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ನಮ್ಮ ಕಿವಿಗೆ 20 ಕಿಲೋಹರ್ಟ್ಜ್‌ ಮೇಲಿನ ಸದ್ದು ಕೇಳುವುದಿಲ್ಲ, ಕುದುರೆಗೆ 33ರ ತನಕ ಕೇಳುತ್ತದೆ. ಹಾಗಾಗಿ ಎರಡೂ ಕಿವಿ ಒಂದೇ ಪೊದೆಯ ಕಡೆ ನೆಟ್ಟರೆ, ನನಗೇನೂ ಕೇಳದಿದ್ದರೂ ನಿಲ್ಲುತ್ತೇನೆ.

ಬಣ್ಣದ ವಿಷಯದಲ್ಲಿ ನಾನು ಸುಮ್ನೆ ಮೋಸಹೋದೆ. ಲಾಯದ ಮುಂದಿನ ಅಡ್ಡಗಂಬ ಎದ್ದು ಕಾಣಲಿ ಅಂತ ಕೆಂಪು ಬಳಿದೆ. ಹಿಂದೆ ಹಸಿರು ಹುಲ್ಲು. ಕುದುರೆಗೆ ನೀಲಿ, ಹಳದಿ ಚೆನ್ನಾಗಿ ಗೊತ್ತಾಗುತ್ತವೆ, ಕೆಂಪು ಹಸಿರಿನ ನಡುವಿನ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಕಂಬ ಎದ್ದು ಕಂಡದ್ದು ನನಗೆ ಮಾತ್ರ. ಆಮೇಲೆ ಬಿಳಿ ಬಳಿದೆ.

ಬಿಸಿಲಿನಿಂದ ಕತ್ತಲ ಲಾಯಕ್ಕೆ ನುಗ್ಗಿಸುವುದನ್ನೂ ಬಿಟ್ಟೆ. ಕತ್ತಲಲ್ಲಿ ಅವು ನಮಗಿಂತ ಚೆನ್ನಾಗಿ ನೋಡುತ್ತವೆ, ಆದರೆ ಕಣ್ಣು ಒಗ್ಗಲು ನಮಗಿಂತ ಜಾಸ್ತಿ ಹೊತ್ತು ಬೇಕು. ಒಳಗೆ ದೀಪ ಹಾಕಿ, ಬಾಗಿಲಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ರಾತ್ರಿ ದಾರಿಯಲ್ಲಿ ಅವುಗಳ ಮುಖಕ್ಕೆ ಟಾರ್ಚ್ ಬಿಡುವವರನ್ನು ಕಂಡರೆ ನನಗೆ ರೇಗುತ್ತದೆ.

ಮೂತಿಯ ಉದ್ದ ಕೂದಲನ್ನು ಅಂದಕ್ಕೆಂದು ಕತ್ತರಿಸುತ್ತಿದ್ದೆ, ನಾಚಿಕೆಯಾಗುತ್ತದೆ. ಮೂಗಿನ ಕೆಳಗೆ ಕಣ್ಣಿಗೆ ಕಾಣದ ಜಾಗವನ್ನು ಅವು ತಡವಿ ನೋಡುವುದು ಆ ಕೂದಲಿನಿಂದಲೇ. ಅದನ್ನು ಕತ್ತರಿಸಿದ ಕುದುರೆಗಳಿಗೆ ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ಸ್ಪರ್ಧೆಗಳಲ್ಲೂ 2021ರ ಜುಲೈನಿಂದ ಅವಕಾಶವಿಲ್ಲ.

ಇನ್ನು ಆ ಸೇತುವೆ. ಬೆಳಿಗ್ಗೆ ದಾಟಿದ ಹೇಸರಗತ್ತೆ ಅವತ್ತು ಸಂಜೆ ಅಲ್ಲೇ ಮತ್ತೆ ನಿಂತಿತು. ಒಂದು ಕಣ್ಣು ಕಂಡದ್ದು ಇನ್ನೊಂದು ಕಣ್ಣಿಗೆ ಗೊತ್ತಾಗುವುದಿಲ್ಲ ಅಂತ ಹಳಬರು ಹೇಳುತ್ತಾರೆ. ಅದು ನಿಜವಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಆದರೆ ಆಚೆ ದಡದಿಂದ ನೋಡಿದರೆ ಬಂಡೆ, ನೆರಳು, ನೀರಿನ ಹೊಳಪು ಎಲ್ಲವೂ ಬೇರೆಯಾಗಿಯೇ ಕಾಣುತ್ತವೆ. ಹಗ್ಗ ಸಡಿಲ ಬಿಟ್ಟೆ. ಅದು ಮತ್ತೆ ಮೊದಲ ಹಲಗೆಯಿಂದ ಮೂಸಲು ಶುರು ಮಾಡಿತು.